ಯಜಮಾನಿಕೆಯಲ್ಲಿ ಭೃತ್ಯಾಚಾರ

ವೀರಶೈವ ಸಿದ್ಧಾಂತದಲ್ಲಿ ಆಚಾರಗಳು ಐದು: ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ. ಇವುಗಳಲ್ಲಿ ಸದಾಚಾರವು ಸತ್ಯಶುದ್ಧವಾದ ಕಾಯಕದಿಂದ ಬಾಳುವುದನ್ನು ಬೋಧಿಸುತ್ತದೆ. ಭೃತ್ಯಾಚಾರವು ಶರಣರ ನಡುವೆ ತಾನು ಕಿರಿಯನೆಂದೂ ಸೇವಕನೆಂದೂ ತಿಳಿದು ನಡೆಯುವುದನ್ನು ಬೋಧಿಸುತ್ತದೆ. ಗಣಾಚಾರವು ಸಮೂಹದ ಧರ್ಮವನ್ನು ಕಾಪಾಡುವುದನ್ನು ಬೋಧಿಸುತ್ತದೆ. ಭೃತ್ಯಾಚಾರವೆಂದೊಡನೆ ಮಠಕ್ಕೆ ಹೋಗಿ ಗುರುಜಂಗಮರ ಪಾದಕ್ಕೆರಗುವುದಷ್ಟೇ ಎಂದು ಅನೇಕ ಗೃಹಸ್ಥರು ಭಾವಿಸುವುದುಂಟು. ಮಠದಲ್ಲಿ ಬಾಗಿದ ತಲೆ ಅಂಗಡಿಯ ಗಾದಿಯ ಮೇಲೆ ಕುಳಿತೊಡನೆ ಸೆಟೆದು ನಿಲ್ಲುವುದಾದರೆ, ಅದು ಆಚಾರವಲ್ಲ, ಉಪಚಾರ ಮಾತ್ರ. ಹತ್ತು ಜನರನ್ನು ಕೂಡಿಸಿ ಉದ್ಯೋಗ ನಡೆಸುವ ಗೃಹಸ್ಥನಿಗೆ ಭೃತ್ಯಾಚಾರದ ನಿಜವಾದ ಪರೀಕ್ಷೆ ನಡೆಯುವುದು ಅವನ ಉದ್ಯೋಗದ ನೆಲದಲ್ಲಿಯೇ. ಐದು ಆಚಾರಗಳನ್ನು ಎಣಿಸುವಾಗ ಭೃತ್ಯಾಚಾರವು ಗಣಾಚಾರಕ್ಕೆ ಮೊದಲು ಬರುವುದೂ ಗಮನಿಸತಕ್ಕದ್ದು. ಮುಂದಾಳು ಸೇವಕನಾಗದಿದ್ದಲ್ಲಿ ಗಣವು ಕೂಡಿ ನಿಲ್ಲಲಾರದು.

ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ಅಂತಃಕರಣಗಳು ನಾಲ್ಕು. ಇವುಗಳಲ್ಲಿ ಅಹಂಕಾರವು ‘ನಾನು ಮಾಡುವೆನು’ ಎಂಬ ಅರಿವನ್ನು ಕೊಡುವಂಥದು. ಅದು ಲೇಶವೂ ಇಲ್ಲದಿದ್ದರೆ ಯಾರೂ ಬಂಡವಾಳ ಹೂಡಲಾರರು, ಬಾವಿ ತೋಡಲಾರರು. ಆದುದರಿಂದ ಅಹಂಕಾರವು ಹುಟ್ಟಿನಿಂದಲೇ ಶತ್ರುವಲ್ಲ. ‘ನಾನು ಮಾಡುವೆನು’ ಎಂಬುದು ‘ನನ್ನಿಂದಲೇ ಆಯಿತು’ ಎಂಬುದಾಗಿ ತಿರುಗಿದಾಗ ಮಾತ್ರ ಅದು ಕೇಡಿಗೆ ಮೂಲವಾಗುತ್ತದೆ. ಈ ತಿರುವು ಸೋಲಿನ ಕಾಲದಲ್ಲಿ ಬರುವುದು ಅಪರೂಪ. ಉದ್ಯೋಗವು ಕೈಗೂಡಿ, ಹೆಸರು ಬಂದು, ಊರವರು ಹೊಗಳುವ ಕಾಲದಲ್ಲಿಯೇ ಅದು ಬರುತ್ತದೆ. ಕೆಟ್ಟ ಕೆಲಸದ ಅಹಂಕಾರವನ್ನು ಲೋಕವು ಬೇಗನೆ ಗುರುತಿಸುತ್ತದೆ. ಒಳ್ಳೆಯ ಕೆಲಸದೊಳಗೆ ಅಡಗಿದ ಅಹಂಕಾರವನ್ನು ಗುರುತಿಸಲು ಗುರುವೇ ಬೇಕು.

ಇದಕ್ಕೆ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಗಿಂತ ಹೆಚ್ಚಿನ ನಿದರ್ಶನವಿಲ್ಲ. ಸೊನ್ನಲಿಗೆಯೆಂದರೆ ಈಗಿನ ಸೊಲ್ಲಾಪುರ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸಿದ್ಧರಾಮನು ಅಪಾರ ಜನರನ್ನು ಕೂಡಿಸಿ ಕೆರೆಯನ್ನು ಕಟ್ಟಿಸಿದನು, ದೇವಾಲಯಗಳನ್ನು ಎತ್ತಿಸಿದನು. ಆ ಕಾರ್ಯದಲ್ಲಿ ಸ್ವಾರ್ಥವಿರಲಿಲ್ಲ. ನೀರು ಎಲ್ಲರಿಗೂ ಸಲ್ಲುವಂಥದು. ಅಲ್ಲಮಪ್ರಭು ಅಲ್ಲಿಗೆ ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಕೆರೆಯ ಕೆಲಸ ನಡೆಯುತ್ತಿದ್ದ ಎಡೆಗೆ ಬಂದ ಪ್ರಭುದೇವನು ಸಿದ್ಧರಾಮನನ್ನು ಯೋಗಿಯೆಂದು ಕರೆಯಲಿಲ್ಲ, ಒಡೆಯನೆಂದೂ ಕರೆಯಲಿಲ್ಲ. ಮಣ್ಣು ಕಲ್ಲು ಹೊರುವವರ ಹೆಸರಿನಿಂದ ಕರೆದನು. ಕೇಳಿದ ಕೆಲಸಗಾರರು ಸಿಟ್ಟಿಗೆದ್ದು ಕಲ್ಲುಗಳನ್ನು ಬೀರಿದರು. ಸಿದ್ಧರಾಮನೂ ಕೋಪಗೊಂಡನು.

ಈ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ನಿಧಾನಿಸಿ ನೋಡಬೇಕು. ಮೊದಲನೆಯದು, ಆ ಹೆಸರು ಬೈಗುಳವಾದುದು ಹೇಗೆ? ಮಣ್ಣು ಹೊರುವವನ ಕಾಯಕವು ಕೆರೆ ಕಟ್ಟಿಸುವವನ ಕಾಯಕಕ್ಕಿಂತ ಕೀಳಲ್ಲವಾದರೆ, ಆ ಹೆಸರಿನಿಂದ ಕರೆಸಿಕೊಂಡವನಿಗೆ ನೋವೇಕೆ? ಕಟ್ಟಿಸುವವನು ಬೇರೆ, ಕಟ್ಟುವವರು ಬೇರೆ ಎಂಬ ಭೇದವು ಒಳಗೆ ಉಳಿದಿದ್ದುದರಿಂದಲೇ ಮಾತು ನಾಟಿತು. ಪ್ರಭುವು ನಿಂದಿಸಲಿಲ್ಲ, ಒಳಗಿದ್ದ ಭೇದವನ್ನು ಹೊರಗೆ ತೋರಿಸಿದನು. ಎರಡನೆಯದು, ಕಲ್ಲೆಸೆದವರು ಆ ಕೆಲಸಗಾರರೇ. ತಮ್ಮ ಕಾಯಕದ ಹೆಸರನ್ನೇ ಅವರು ತಮ್ಮ ಒಡೆಯನಿಗೆ ಆದ ಅವಮಾನವೆಂದು ತಿಳಿದರು. ಮುಂದಾಳಿನ ಹೆಸರೇ ದೊಡ್ಡದಾದಲ್ಲಿ ಜನರ ನಿಷ್ಠೆಯು ಕೆಲಸವನ್ನು ಬಿಟ್ಟು ಆ ಹೆಸರಿಗೆ ಅಂಟಿಕೊಳ್ಳುತ್ತದೆ. ಕೆರೆಗೆ ಹೊತ್ತ ಕಲ್ಲು ಕೆರೆಗೆ ಬೀಳದೆ, ಪ್ರಶ್ನೆ ಕೇಳಿದವನ ಮೇಲೆ ಬೀಳುತ್ತದೆ.

ಮುಂದೆ ಸಿದ್ಧರಾಮನು ಪ್ರಭುವಿನ ಬೋಧೆಯನ್ನು ತಿಳಿದು ಕಲ್ಯಾಣಕ್ಕೆ ಬಂದನು. ಅಲ್ಲಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನೆಂದು ಪರಂಪರೆಯು ಹೇಳುತ್ತದೆ. ಊರನ್ನೇ ಕಟ್ಟಿದ ಹಿರಿಯನು ಕಿರಿಯನ ಮುಂದೆ ಕೈಯೊಡ್ಡಿ ಕುಳಿತನು. ಇದೇ ಭೃತ್ಯಾಚಾರ. ಪ್ರಭುದೇವ, ಚೆನ್ನಬಸವಣ್ಣ ಇವರ ತರುವಾಯ ಶೂನ್ಯಪೀಠವನ್ನೇರಿದವನು ಆ ಸಿದ್ಧರಾಮನೇ. ಕೆರೆಯು ಒಡೆಯಲಿಲ್ಲ, ಕಾಯಕವು ನಿಲ್ಲಲಿಲ್ಲ. ಕಳಚಿಬಿದ್ದುದು ‘ನನ್ನಿಂದ’ ಎಂಬ ಭಾವವೊಂದೇ. ಅದು ಬಿದ್ದ ಮೇಲೆಯೇ ಅವನು ಹಿರಿಯ ಪೀಠಕ್ಕೆ ಅರ್ಹನಾದನು.

ಆ ಪೀಠದ ಕಥೆಯೂ ಇದನ್ನೇ ಸಾರುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅಧಿಕಾರವೂ ಧನವೂ ಅವರ ಕೈಯಲ್ಲಿದ್ದವು. ಅನುಭವಮಂಟಪವು ಅವರಿಂದಲೇ ನೆಲೆಗೊಂಡಿತು. ಆದರೂ ಅದರ ಶೂನ್ಯಸಿಂಹಾಸನದ ಮೇಲೆ ಅವರು ತಾವು ಕುಳಿತುಕೊಳ್ಳಲಿಲ್ಲ, ಅಲ್ಲಮಪ್ರಭುವನ್ನು ಕುಳ್ಳಿರಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಕಾಯಕಜೀವಿಗಳ ಮಾತಿಗೆ ಅಲ್ಲಿ ಮನ್ನಣೆಯಿತ್ತು. ಗಂಡನಾದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದ ಸಂಗತಿಯು ಪ್ರಸಿದ್ಧವಾಗಿದೆ. ತಿದ್ದುವ ಹೆಂಡತಿಯೂ ತಿದ್ದಿಸಿಕೊಳ್ಳುವ ಗಂಡನೂ ಇದ್ದುದರಿಂದ ಆ ಮನೆಯ ಕಾಯಕವು ಶುದ್ಧವಾಗಿ ಉಳಿಯಿತು.

ಇದು ಹಿಂದಿನ ಕಾಲಕ್ಕೆ ಮಾತ್ರ ಸಂದ ಮಾತಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ನಮ್ಮ ದೇಶದಲ್ಲಿ ಅಂಥ ಸಂಘಗಳ ಪೈಕಿ ಅದು ತೀರ ಮೊದಲಿನವುಗಳಲ್ಲೊಂದು. 1904ರ ಸಹಕಾರಿ ಕಾನೂನಿನಂತೆ ಗ್ರಾಮಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ; ಒಬ್ಬನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ಅದಕ್ಕೆ ಬಾಧ್ಯರು. ಊರಗೌಡನಾದವನು ತಾನೊಬ್ಬನೇ ಸಾಲ ಕೊಟ್ಟು ಊರನ್ನು ತನ್ನ ಋಣದಲ್ಲಿ ಇಟ್ಟುಕೊಳ್ಳುವ ದಾರಿಯೊಂದು. ನೆರೆಹೊರೆಯವರ ಜೊತೆ ತಾನೂ ಹೊಣೆಗಾರನಾಗಿ ನಿಲ್ಲುವ ದಾರಿ ಇನ್ನೊಂದು. ಪಾಟೀಲರು ಎರಡನೆಯದನ್ನು ಹಿಡಿದರು. ಅದೇ ರೀತಿ 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದಾಗ ಅದನ್ನು ಕಟ್ಟಿದವರು ಏಳು ಮಂದಿ ಉಪಾಧ್ಯಾಯರು. ಇಂದಿಗೂ ಜನರು ಅವರನ್ನು ಸಪ್ತರ್ಷಿಗಳೆಂದು ಕೂಡಿಯೇ ನೆನೆಯುತ್ತಾರೆ.

ಇನ್ನು ಗೃಹಸ್ಥನ ಅಂಗಡಿಯೊಳಗೆ ಈ ವಿಚಾರವು ಹೇಗೆ ನಡೆಯುವುದೆಂಬುದನ್ನು ನೋಡೋಣ. ಒಂದು ಅಡತಿ ಅಂಗಡಿಯನ್ನು ತೆಗೆದುಕೊಳ್ಳಬಹುದು. ಯಾವ ಚೀಲದ ಕಾಳು ಹಸಿಯಾಗಿದೆಯೆಂಬುದು ಹೊತ್ತ ಹಮಾಲನಿಗೆ ಮೊದಲು ತಿಳಿಯುತ್ತದೆ. ಯಾರ ಬಾಕಿ ಮೀರಿದೆಯೆಂಬುದು ಕಿರ್ದಿ ಬರೆಯುವ ಗುಮಾಸ್ತನಿಗೆ ತಿಳಿಯುತ್ತದೆ. ಯಾವ ರೈತನು ಮನನೊಂದು ಹೋದನೆಂಬುದು ತೂಕ ಮಾಡುವವನಿಗೆ ತಿಳಿಯುತ್ತದೆ. ಯಜಮಾನನಿಗೆ ಇವೆಲ್ಲ ತಿಳಿಯುವುದು ಅವರು ಹೇಳಿದಾಗ ಮಾತ್ರ. ಗುಮಾಸ್ತನು ಒಮ್ಮೆ ತಪ್ಪನ್ನು ತೋರಿಸಿದಾಗ ಯಜಮಾನನು ‘ನನಗೆ ಕಲಿಸಬಂದೆಯಾ?’ ಎಂದರೆ, ಎರಡನೆಯ ಸಲ ಆ ಗುಮಾಸ್ತನು ಬಾಯಿ ತೆರೆಯನು. ಅಂದಿನಿಂದ ಅಂಗಡಿಯಲ್ಲಿ ಹೌದೆನ್ನುವ ದನಿಗಳೇ ಉಳಿಯುತ್ತವೆ. ಯಜಮಾನನು ಅದನ್ನು ಶಿಸ್ತೆಂದು ಸಂತೋಷಪಡುತ್ತಾನೆ. ಅಷ್ಟರಲ್ಲಿ ಚೀಲವು ಕೊಳೆಯುತ್ತಿರುತ್ತದೆ, ಬಾಕಿ ಬೆಳೆಯುತ್ತಿರುತ್ತದೆ. ಅಹಂಕಾರವು ಉದ್ಯೋಗವನ್ನು ಕೆಡಿಸುವುದು ಹೀಗೆ: ಅದು ಮೊದಲು ಸತ್ಯದ ದಾರಿಯನ್ನು ಮುಚ್ಚುತ್ತದೆ, ನಷ್ಟವು ಆಮೇಲೆ ತಾನಾಗಿಯೇ ಬರುತ್ತದೆ.

‘ಎಲ್ಲರೂ ಹಿರಿಯರಾದರೆ ಗಾಡಿ ಹೊಡೆಯುವವರು ಯಾರು? ಒಬ್ಬನ ಆಜ್ಞೆಯಿಲ್ಲದೆ ವ್ಯಾಪಾರ ನಡೆದೀತೇ?’ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದುದೇ. ಅನುಭವಮಂಟಪದಲ್ಲಿಯೂ ಪೀಠವು ಒಂದೇ ಇತ್ತು. ಭೃತ್ಯಾಚಾರವೆಂದರೆ ನಿರ್ಣಯವನ್ನು ಬಿಟ್ಟುಕೊಡುವುದಲ್ಲ. ಮಾತನ್ನು ಪೂರ್ಣವಾಗಿ ಕೇಳಿದ ಮೇಲೆ ನಿರ್ಣಯಿಸುವುದು. ನಿರ್ಣಯವು ತಪ್ಪಾದರೆ ಹೊಣೆಯನ್ನು ತಾನು ಹೊರುವುದು, ಸರಿಯಾದರೆ ಫಲವನ್ನು ಎಲ್ಲರಿಗೂ ಸಲ್ಲಿಸುವುದು. ಅಹಂಕಾರಿಯು ಮಾಡುವುದು ಇದಕ್ಕೆ ವಿಪರೀತ: ಲಾಭ ಬಂದರೆ ತನ್ನ ಬುದ್ಧಿ, ನಷ್ಟ ಬಂದರೆ ಆಳುಗಳ ಸೋಮಾರಿತನ. ‘ನಾನು ನಿಮ್ಮೆಲ್ಲರ ಸೇವಕ’ ಎಂದು ಸಭೆಯಲ್ಲಿ ಹೇಳಿ, ಎದುರು ಮಾತನಾಡಿದವನನ್ನು ಮರುದಿನವೇ ಕೆಲಸದಿಂದ ಬಿಡಿಸುವವರೂ ಉಂಟು. ಅದು ವಿನಯದ ಅಂಗಿ ತೊಟ್ಟ ಅಹಂಕಾರ.

ದುಡಿದವನಿಗೆ ಕೊಡುವ ಕೂಲಿಯ ವಿಷಯದಲ್ಲಿಯೂ ಈ ವಿವೇಕವು ಬೇಕು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಕೂಲಿಯಾದರೋ ದಾನವೂ ಅಲ್ಲ, ಉಪಕಾರವೂ ಅಲ್ಲ. ಕಾಯಕಕ್ಕೆ ಸಲ್ಲತಕ್ಕ ಋಣ. ಋಣವನ್ನು ತೀರಿಸುವವನು ‘ನಾನು ಇಷ್ಟು ಮನೆಗಳಿಗೆ ಅನ್ನ ಹಾಕುತ್ತೇನೆ’ ಎಂದು ಹೇಳಿಕೊಳ್ಳುವುದು ಸಲ್ಲದು. ಆ ಮನೆಗಳವರ ದುಡಿಮೆಯಿಂದಲೇ ಅವನ ಮನೆಯ ಒಲೆಯೂ ಉರಿಯುತ್ತದೆ.

ಆದುದರಿಂದ ಉದ್ಯೋಗ ನಡೆಸುವ ಸದ್ಭಕ್ತನು ಸಾಯಂಕಾಲದ ಲಿಂಗಪೂಜೆಗೆ ಕುಳಿತಾಗ ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳುವುದು ಒಳ್ಳೆಯದು. ಇಂದು ತನ್ನ ತಪ್ಪನ್ನು ಯಾರಾದರೂ ತೋರಿಸಿದರೇ? ಬಹುದಿನದಿಂದ ಯಾರೂ ತೋರಿಸಿಲ್ಲವಾದರೆ, ತಪ್ಪು ಇಲ್ಲದ್ದರಿಂದಲೋ, ಹೇಳಲು ಅಂಜಿದ್ದರಿಂದಲೋ? ತಾನು ಒಂದು ತಿಂಗಳು ಹಾಸಿಗೆ ಹಿಡಿದರೆ ಈ ಕಾಯಕವನ್ನು ನಡೆಸಿಕೊಂಡು ಹೋಗುವಷ್ಟು ತಿಳಿವನ್ನು ಮಕ್ಕಳಿಗೂ ಜೊತೆಗಾರರಿಗೂ ಕೊಟ್ಟಿರುವನೇ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದು, ಅದರಿಂದ ಒಳಗೊಳಗೇ ಸ್ವಲ್ಪ ಸಂತೋಷವೂ ಆದರೆ, ಪ್ರಭುದೇವನು ಸೊನ್ನಲಿಗೆಯಲ್ಲಿ ಕಂಡ ವ್ಯಾಧಿಯೇ ಇಲ್ಲಿಯೂ ಇದೆಯೆಂದು ತಿಳಿಯಬೇಕು. ಔಷಧವೂ ಅದೇ. ನಾಳೆ ಬೆಳಿಗ್ಗೆ ಅಂಗಡಿಯ ಕದ ತೆರೆದಾಗ ಮೊದಲು ಅಪ್ಪಣೆ ಕೊಡದೆ, ಕಸಗುಡಿಸುವವನಿಂದ ಹಿಡಿದು ಗುಮಾಸ್ತನವರೆಗೆ ಒಬ್ಬೊಬ್ಬರನ್ನೂ ‘ಏನಪ್ಪಾ, ನಿನಗೇನು ಕಂಡಿತು?’ ಎಂದು ಕೇಳಿ, ಹೇಳಿದ್ದನ್ನು ಸಾವಧಾನದಿಂದ ಆಲಿಸುವುದು.