ಮುಚ್ಚಿದ ಡಿಸ್ಟಿಲರಿ, ಮಾರಾಟಕ್ಕಿದ್ದ ವಿಸ್ಕಿ

ಪ್ರಶ್ನೆ: ಸ್ಕಾಟ್ಲೆಂಡಿನ ಟ್ಯಾಮ್ನವೂಲಿನ್ ಡಿಸ್ಟಿಲರಿ 1995ರಲ್ಲಿ ಮುಚ್ಚಿತೆಂದು ಓದಿದೆ. ಬೆಂಗಳೂರಿನ ಕಂಪನಿಯೊಂದು ಅದನ್ನು ತೆರೆಯಿತೆಂದೂ ಕೇಳಿದೆ. ಎರಡೂ ನಿಜವೇ? ಮುಚ್ಚಿದ್ದಾಗಲೂ ಅದರ ವಿಸ್ಕಿ ಸಿಗುತ್ತಿದ್ದುದು ಹೇಗೆ?
– ಓದುಗರೊಬ್ಬರು, ಅಗಡಿ, ಹಾವೇರಿ ಜಿಲ್ಲೆ

ಉತ್ತರ: ನೀವು ಓದಿದ್ದೂ ನಿಜ, ಕೇಳಿದ್ದೂ ನಿಜ.

ಮೊದಲು ಅದರ ಹುಟ್ಟು. ಸ್ಪೇಸೈಡ್ ಪ್ರದೇಶದಲ್ಲಿ, ಲಿವೆಟ್ ಹೊಳೆಯ ಬದಿಯಲ್ಲಿ ಈ ಡಿಸ್ಟಿಲರಿ ಇದೆ. ಇನ್ವರ್‌ಗಾರ್ಡನ್ ಕಂಪನಿ 1966ರಲ್ಲಿ ಇದನ್ನು ಕಟ್ಟಿಸಿತು. ಗೇಲಿಕ್ ಭಾಷೆಯ ಆ ಹೆಸರಿಗೆ ‘ಗುಡ್ಡದ ಮೇಲಿನ ಗಿರಣಿ’ ಎಂದರ್ಥ. ಉಣ್ಣೆ ಹಿಂಜುವ ಹಳೆಯ ಗಿರಣಿಯೊಂದು ಅಲ್ಲಿತ್ತು.

ಎರಡನೆಯದು, ಮುಚ್ಚಿದ್ದು. 1993ರಲ್ಲಿ ಇನ್ವರ್‌ಗಾರ್ಡನ್ ಕಂಪನಿ ವೈಟ್ ಅಂಡ್ ಮಕೈ ಸಂಸ್ಥೆಯ ಕೈಸೇರಿತು. ಎರಡೇ ವರ್ಷಗಳಲ್ಲಿ ಇಲ್ಲಿ ಕೆಲಸ ನಿಂತಿತು.

ಇಲ್ಲಿ ಒಂದು ಗೊಂದಲ ಸಹಜ. ಡಿಸ್ಟಿಲರಿ ಮುಚ್ಚುವುದರಲ್ಲಿ ಎರಡು ಬಗೆ ಇದೆ. ಇನ್ವರ್ನೆಸ್ ಊರಿನ ಗ್ಲೆನ್ ಆಲ್ಬಿನ್ 1983ರಲ್ಲಿ ನಿಂತು, 1986ರಲ್ಲಿ ನೆಲಸಮವಾಯಿತು. ಅದು ಮತ್ತೆ ಏಳಲಿಲ್ಲ. ಟ್ಯಾಮ್ನವೂಲಿನ್‌ನಲ್ಲಿ ಯಂತ್ರಗಳನ್ನೂ ಕಟ್ಟಡವನ್ನೂ ಉಳಿಸಿಕೊಂಡು ಉತ್ಪಾದನೆಯನ್ನಷ್ಟೇ ನಿಲ್ಲಿಸಿದ್ದರು. ಆದ್ದರಿಂದಲೇ ಮತ್ತೆ ಆರಂಭಿಸಲು ಸಾಧ್ಯವಾಯಿತು.

ಮೂರನೆಯದು, ಬೆಂಗಳೂರಿನ ನಂಟು. 2007ರ ಮೇ ತಿಂಗಳಲ್ಲಿ ಬೆಂಗಳೂರಿನ ಯುಬಿ ಸಮೂಹ ವೈಟ್ ಅಂಡ್ ಮಕೈ ಸಂಸ್ಥೆಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. ಅದೇ ವರ್ಷ ಟ್ಯಾಮ್ನವೂಲಿನ್ ಪುನಃ ಆರಂಭವಾಯಿತು. ಹೆಚ್ಚುಕಡಿಮೆ ಹನ್ನೆರಡು ವರ್ಷ ತಣ್ಣಗಿದ್ದ ಭಟ್ಟಿಗೆ ಕರ್ನಾಟಕದ ಸಂಸ್ಥೆಯೊಂದರ ಒಡೆತನದಲ್ಲಿ ಮತ್ತೆ ಬಿಸಿ ತಾಗಿತು.

ಇನ್ನು ನಿಮ್ಮ ಕೊನೆಯ ಸಂದೇಹ. ಜವೆಗೋಧಿಯನ್ನು ಮೊಳಕೆ ಬರಿಸಿ, ಹುಳಿ ಬರಿಸಿ, ಭಟ್ಟಿ ಇಳಿಸಿದ ಕೂಡಲೇ ಅದು ಸ್ಕಾಚ್ ಆಗುವುದಿಲ್ಲ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಅದು ಮಾಗಬೇಕೆಂಬುದು ಅಲ್ಲಿನ ಕಾನೂನು. ಹಲವು ಪೀಪಾಯಿಗಳನ್ನು 10, 20 ವರ್ಷ ಇಡುವುದೂ ಉಂಟು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೂ ಪೇಟೆಗೆ ಬರುತ್ತದಲ್ಲವೇ? ಹಾಗೆಯೇ, 1995ಕ್ಕೆ ಮುನ್ನ ತುಂಬಿಟ್ಟ ಪೀಪಾಯಿಗಳ ವಿಸ್ಕಿ ಆಮೇಲೆ ಬಾಟಲಿಗಳಲ್ಲಿ ಬರುತ್ತಿತ್ತು.

ವೈಟ್ ಅಂಡ್ ಮಕೈ ಒಡೆತನ ಹೊಂದಿದ್ದ, ಯುಬಿ ಸಮೂಹದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಬ್ರಿಟನ್ನಿನ ಮದ್ಯ ಸಂಸ್ಥೆ ಡಿಯಾಜಿಯೊ ಹಿಡಿತಕ್ಕೆ ಹೋದ ಮೇಲೆ, 2014ರಲ್ಲಿ ವೈಟ್ ಅಂಡ್ ಮಕೈ 43 ಕೋಟಿ ಪೌಂಡಿಗೆ ಫಿಲಿಪ್ಪೀನ್ಸಿನ ಎಂಪೆರಡಾರ್ ಸಂಸ್ಥೆಯ ಪಾಲಾಯಿತು. ಒಡೆತನ ಬದಲಾದರೂ ಟ್ಯಾಮ್ನವೂಲಿನ್ ನಿಲ್ಲಲಿಲ್ಲ. 2016ರಲ್ಲಿ ಅದು ತನ್ನ 50ನೆಯ ವರ್ಷವನ್ನು ಹೊಸ ಸಿಂಗಲ್ ಮಾಲ್ಟ್ ಬಿಡುಗಡೆಯೊಂದಿಗೆ ಆಚರಿಸಿತು.