ನಾಚಿಕೆ ಮತ್ತು ಆತ್ಮಗೌರವ

ಮಾನವನ ಮನೋವಿಕಾರಗಳಲ್ಲಿ ನಾಚಿಕೆಯದು ಒಂದು ವಿಶಿಷ್ಟ ಸ್ಥಾನ. ಭಯ, ಕ್ರೋಧಗಳು ಪಶುಪಕ್ಷಿಗಳಲ್ಲಿಯೂ ಉಂಟು. ಆದರೆ ನಾಚಿಕೆಯಿಂದ ಮುಖ ಕೆಂಪೇರುವುದು ಮನುಷ್ಯನಲ್ಲಿ ಮಾತ್ರ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ತನ್ನ ಗ್ರಂಥವೊಂದರಲ್ಲಿ ಈ ಕೆಂಪೇರುವಿಕೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಎಳೆಯ ಕೂಸುಗಳು ನಾಚಿ ಕೆಂಪೇರುವುದಿಲ್ಲ, ಹುಟ್ಟುಕುರುಡರಾದರೋ ಕೆಂಪೇರುತ್ತಾರೆ. ಇದನ್ನು ಗಮನಿಸಿದ ಡಾರ್ವಿನ್, ಇತರರು ತನ್ನ ವಿಷಯದಲ್ಲಿ ಏನೆಂದುಕೊಂಡಾರು ಎಂಬ ಆಲೋಚನೆಯೇ ಇದರ ಮೂಲವೆಂದು ತರ್ಕಿಸಿದನು.

ನಮ್ಮ ನುಡಿಯೂ ಇದನ್ನೇ ಸಾರುತ್ತದೆ. ನಾಚಿದವನು ತಲೆ ತಗ್ಗಿಸುತ್ತಾನೆ. ನಾಲ್ವರಿಗೆ ಮುಖ ತೋರಿಸಲಾರೆನೆನ್ನುತ್ತಾನೆ. ಭೂಮಿ ಬಾಯ್ದೆರೆದು ತನ್ನನ್ನು ನುಂಗಬಾರದೇ ಎಂದು ಹಂಬಲಿಸುತ್ತಾನೆ. ಇವೆಲ್ಲವೂ ಪರರ ಕಣ್ಣಿನಿಂದ ಮರೆಯಾಗುವ ಬಯಕೆಯ ರೂಪಗಳೇ ಅಲ್ಲವೇ? ಹೊಸಬರೆದುರು ಮಾತನಾಡಲು ಸಂಕೋಚಪಡುವುದನ್ನೂ ನಾವು ನಾಚಿಕೆಯೆಂದೇ ಕರೆಯುವುದುಂಟು. ಇಲ್ಲಿ ನಾವು ವಿಚಾರಿಸುತ್ತಿರುವುದು ಅದನ್ನಲ್ಲ. 'ನಾನು ಕೀಳಾದವನು, ಯೋಗ್ಯತೆಯಿಲ್ಲದವನು' ಎಂದು ಒಳಗೊಳಗೇ ಕೊರೆಯುವ ನಾಚಿಕೆಯನ್ನು.

ನಾಚಿಕೆಯ ಹುಟ್ಟು

ಈ ಭಾವನೆಯು ಮಗುವಿನಲ್ಲಿ ಎಂದು ತಲೆದೋರುತ್ತದೆ? ಮಗುವಿಗೆ ತಿಳಿಯದಂತೆ ಅದರ ಮೂಗಿಗೆ ಕೆಂಪು ಬಣ್ಣವನ್ನು ಸವರಿ ಕನ್ನಡಿಯ ಮುಂದೆ ನಿಲ್ಲಿಸುವ ಒಂದು ಸರಳ ಪ್ರಯೋಗವನ್ನು ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ನಡೆಸುತ್ತ ಬಂದಿದ್ದಾರೆ. ಒಂದು ವರ್ಷದ ಮಗು ಆ ಬಣ್ಣಕ್ಕಾಗಿ ತನ್ನ ಮೂಗನ್ನು ಮುಟ್ಟಿಕೊಳ್ಳುವುದಿಲ್ಲ. ಒಂದೂವರೆ ಎರಡು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ತಮ್ಮ ಮೂಗಿಗೇ ಕೈ ಹಾಕುತ್ತಾರೆ. 'ಇದು ನಾನು' ಎಂಬ ಅರಿವು ಮೂಡಿದುದರ ಗುರುತು ಇದು. ಅನಂತರ, ಹಿರಿಯರು ಮೆಚ್ಚುವುದಾವುದು, ಮೆಚ್ಚದಿರುವುದಾವುದು ಎಂಬುದನ್ನು ಮಗು ಗ್ರಹಿಸುತ್ತದೆ. ಮೂರನೆಯ ವರ್ಷದ ಸುಮಾರಿಗೆ ಹೆಮ್ಮೆ, ನಾಚಿಕೆಗಳೆರಡೂ ಕಾಣಿಸಿಕೊಳ್ಳುತ್ತವೆ. ಆತ್ಮಗೌರವ ಬೇರೂರುವ ನೆಲದಲ್ಲಿಯೇ ನಾಚಿಕೆಯೂ ಬೇರೂರುತ್ತದೆಂಬುದು ಗಮನಾರ್ಹ.

ಕೃತ್ಯವೋ, ಕರ್ತೃವೋ?

ನಾಚಿಕೆಗೂ ಪಶ್ಚಾತ್ತಾಪಕ್ಕೂ ಇರುವ ಭೇದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಸ್ಪಷ್ಟಪಡಿಸಿದರು. ಪಶ್ಚಾತ್ತಾಪದ ದೃಷ್ಟಿ ಕೃತ್ಯದ ಮೇಲೆ. ನಾಚಿಕೆಯ ದೃಷ್ಟಿ ಕರ್ತೃವಿನ ಮೇಲೆ. ಗಣಿತದ ಪರೀಕ್ಷೆಯಲ್ಲಿ ನಪಾಸಾದ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. 'ನಾನು ಸರಿಯಾಗಿ ಅಭ್ಯಾಸ ಮಾಡಲಿಲ್ಲ' ಎಂದು ಒಬ್ಬನು ಮರುಗುತ್ತಾನೆ. 'ನಾನು ದಡ್ಡ' ಎಂದು ಮತ್ತೊಬ್ಬನು ಕುಗ್ಗುತ್ತಾನೆ. ಮೊದಲನೆಯವನಿಗೆ ನಾಳೆ ಮಾಡಬಹುದಾದ ಕೆಲಸವೊಂದು ಉಳಿದಿದೆ. ಎರಡನೆಯವನಿಗೆ ಪುಸ್ತಕವನ್ನು ಬಚ್ಚಿಡುವುದರ ಹೊರತು ಬೇರೆ ದಾರಿ ತೋರದು.

ಆತ್ಮಗೌರವಕ್ಕೆ ವಿಲಿಯಂ ಜೇಮ್ಸ್ 1890ರಲ್ಲಿ ಒಂದು ಸೂತ್ರವನ್ನು ಕೊಟ್ಟನು: ಸಾಧನೆಯನ್ನು ಆಕಾಂಕ್ಷೆಯಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ಮನಶ್ಶಾಸ್ತ್ರದಲ್ಲಿ ಇತರರು ತನಗಿಂತ ಹೆಚ್ಚು ಬಲ್ಲರೆಂದರೆ ತನಗೆ ಅವಮಾನವೆನಿಸುತ್ತದೆ. ಗ್ರೀಕ್ ಭಾಷೆ ಬಾರದಿದ್ದರೂ ತನಗೆ ಚಿಂತೆಯಿಲ್ಲ ಎಂದು ಅವನೇ ಉದಾಹರಿಸಿದನು. ನಾಚಿಕೆಯು ಈ ಲೆಕ್ಕವನ್ನೇ ಕೆಡಿಸಿಬಿಡುತ್ತದೆ. ಒಂದು ವಿಷಯದ ಸೋಲನ್ನು ಅದು ಇಡೀ ಬಾಳಿನ ಖಾತೆಗೆ ಖರ್ಚು ಹಾಕುತ್ತದೆ.

ಒಂದು ಮಾತಿನ ಪರಿಣಾಮ

ಈ ಕೇಡು ಎಷ್ಟು ಸಣ್ಣ ಮಾತಿನಿಂದ ಆರಂಭವಾಗಬಲ್ಲದೆಂಬುದನ್ನು ಮೆಲಿಸ್ಸಾ ಕೇಮಿನ್ಸ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಸಂಶೋಧಕಿಯರು 1999ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಶಿಶುವಿಹಾರದ ಮಕ್ಕಳಿಗೆ ಗೊಂಬೆಗಳ ಮೂಲಕ ಕಥೆಗಳನ್ನು ಅಭಿನಯಿಸಲು ಹೇಳಲಾಯಿತು. ಕಥೆಯಲ್ಲಿ ಮಗು ಒಂದು ಕೆಲಸದಲ್ಲಿ ತಪ್ಪುತ್ತದೆ, ಉಪಾಧ್ಯಾಯಿನಿ ಆಕ್ಷೇಪಿಸುತ್ತಾಳೆ. ಕೆಲವರಿಗೆ ಬಂದ ಆಕ್ಷೇಪಣೆ ಮಗುವಿನ ವ್ಯಕ್ತಿತ್ವವನ್ನೇ ಕುರಿತದ್ದು. ಇನ್ನು ಕೆಲವರಿಗೆ, ಬೇರೆ ರೀತಿಯಲ್ಲಿ ಮಾಡಿ ನೋಡಬಹುದಲ್ಲವೇ ಎಂಬ ಸೂಚನೆ. ಮುಂದೆ ಮತ್ತೊಂದು ಸೋಲು ಎದುರಾದಾಗ, ವ್ಯಕ್ತಿನಿಂದೆಗೆ ಒಳಗಾದ ಮಕ್ಕಳು ತಮ್ಮನ್ನು ಕೀಳಾಗಿ ಎಣಿಸಿಕೊಂಡು ಕೆಲಸವನ್ನು ಮುಂದುವರಿಸಲು ಹಿಂಜರಿದರು. ಮಾಡುವ ರೀತಿಯ ಬಗ್ಗೆ ಸೂಚನೆ ಪಡೆದವರು ಅಷ್ಟಾಗಿ ಎದೆಗುಂದಲಿಲ್ಲ.

ಶರೀರವೂ ಇದಕ್ಕೆ ಹೊರತಲ್ಲ. 208 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2004ರ ಒಂದು ವಿಮರ್ಶೆಯಂತೆ, ಮನಸ್ಸಿಗೆ ಒತ್ತಡವುಂಟುಮಾಡುವ ಕೆಲಸಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಅತ್ಯಧಿಕವಾಗಿ ಏರಿದುದು ಎರಡು ಸಂಗತಿಗಳು ಕೂಡಿದಾಗ: ಪರರು ತನ್ನನ್ನು ಅಳೆಯುತ್ತಿದ್ದಾರೆಂಬ ಅರಿವು ಮತ್ತು ಫಲವು ತನ್ನ ಕೈಯಲ್ಲಿಲ್ಲವೆಂಬ ಅಸಹಾಯಕತೆ. ತರಗತಿಯೆದುರು ಬೆಂಚಿನ ಮೇಲೆ ನಿಲ್ಲಿಸಲ್ಪಟ್ಟ ಬಾಲಕನಲ್ಲಿ ಈ ಎರಡೂ ಕೂಡಿರುತ್ತವೆ. ಅಂತಹ ಸ್ಥಿತಿಯಲ್ಲಿ ಅವನು ಮಗ್ಗಿ ಕಲಿತಾನೆಂದು ನಿರೀಕ್ಷಿಸುವುದು ವ್ಯರ್ಥ.

ನಾಚಿಕೆ ಕೋಪವಾಗಿ ತಿರುಗುವುದು

ನಾಚಿಕೆಯು ಸದಾ ಮೌನವಾಗಿಯೇ ಇರುವುದಿಲ್ಲ. ತನ್ನನ್ನು ತಾನು ಕೀಳೆಂದು ಎಣಿಸುವ ನೋವನ್ನು ತಾಳಲಾರದೆ ಮನಸ್ಸು ದೋಷವನ್ನು ಇತರರ ಮೇಲೆ ಹೊರಿಸುತ್ತದೆ. ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಅಮೆರಿಕದ ಒಂದು ಸೆರೆಮನೆಯ 470ಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ, ಅನೇಕರನ್ನು ಬಿಡುಗಡೆಯ ಅನಂತರವೂ ಅನುಸರಿಸಿ, 2014ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕೃತ್ಯಕ್ಕಾಗಿ ಪಶ್ಚಾತ್ತಾಪಪಡುವ ಸ್ವಭಾವದವರು ಮರಳಿ ಅಪರಾಧಕ್ಕಿಳಿದುದು ಕಡಿಮೆ. ನಾಚಿಕೆಯು ಪರರನ್ನು ದೂಷಿಸುವ ದಾರಿ ಹಿಡಿದಲ್ಲಿ ಅಪರಾಧವು ಮರುಕಳಿಸುವ ಸಂಭವ ಹೆಚ್ಚಿತು. ನಾಚಿಸಿದರೆ ತಿದ್ದಿಕೊಳ್ಳುತ್ತಾರೆಂಬ ಲೋಕರೂಢಿಯ ನಂಬಿಕೆ ಎಷ್ಟು ದುರ್ಬಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ನಾಚಿಕೆ ಬೇಡವೇ?

'ನಾಚಿಕೆಗೆಟ್ಟವನು' ಎಂಬುದು ನಮ್ಮಲ್ಲಿ ಬೈಗುಳವಷ್ಟೇ. ನಾಚಿಕೆಯೇ ಇಲ್ಲದ ಸಮಾಜವನ್ನು ಯಾರೂ ಬಯಸರು. ಉಷಾ ಮೆನನ್ ಮತ್ತು ರಿಚರ್ಡ್ ಶ್ವೇಡರ್ ಭುವನೇಶ್ವರದಲ್ಲಿ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿಯ ಜನರು ಕಾಳಿಯ ಹೊರಚಾಚಿದ ನಾಲಗೆಯಲ್ಲಿ ಲಜ್ಜೆಯನ್ನು ಕಾಣುವುದನ್ನೂ, ಲಜ್ಜೆಯನ್ನು ಆತ್ಮಸಂಯಮದ ಸದ್ಗುಣವೆಂದು ಎಣಿಸುವುದನ್ನೂ ವಿವರಿಸಿತು. ತಪ್ಪಿನ ಅರಿವಾದೊಡನೆ ನಾಲಗೆ ಕಚ್ಚಿಕೊಳ್ಳುವುದು ನಮಗೂ ಪರಿಚಿತವೇ. ಅಮೆರಿಕ, ಭಾರತ, ಇಸ್ರೇಲುಗಳ ಜನರನ್ನು ಕುರಿತ 2016ರ ಇನ್ನೊಂದು ಅಧ್ಯಯನದಂತೆ, ಒಂದು ನಡತೆಗಾಗಿ ಜನರು ಎಷ್ಟು ನಾಚುವರೋ ಅದು, ಆ ನಡತೆಗಾಗಿ ಇತರರು ಅವರನ್ನು ಎಷ್ಟು ಹೀನೈಸುವರೋ ಅದಕ್ಕೆ ಬಹಳ ಮಟ್ಟಿಗೆ ಅನುಗುಣವಾಗಿರುತ್ತದೆ. ಅಂದರೆ ನಾಚಿಕೆಯು ನೋವಿನಂತೆ ಒಂದು ಎಚ್ಚರಿಕೆ. ಬೆಂಕಿಯಿಂದ ಕೈಯನ್ನು ಹಿಂತೆಗೆಸುವ ನೋವು ಉಪಕಾರಿಯೇ ಸರಿ. ಹಾಗೆಂದು ಬುದ್ಧಿ ಕಲಿಸಲು ಯಾರೂ ಮಗುವಿನ ಕೈಯನ್ನು ಸುಡಬಾರದು.

ನಮ್ಮ ದೇಶದ ಶಾಸನವೂ ಇದನ್ನು ಒಪ್ಪಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ದಂಡನೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಕಾಯಿದೆಯು ಮನೆಯ ಜಗಲಿಯವರೆಗೆ ಬಾರದು. 'ನಿನ್ನಿಂದ ನಮ್ಮ ಮಾನ ಹೋಯಿತು', 'ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿ' ಎಂಬ ಮಾತುಗಳನ್ನು ತಡೆಯಬೇಕಾದವರು ತಾಯಿತಂದೆಗಳೇ.

ತನ್ನ ಮೇಲೆ ದಯೆ ತೋರಿದರೆ ಸೋಮಾರಿತನ ಬೆಳೆದೀತೆಂಬ ಶಂಕೆ ಬೇಡ. ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕಿಯರು 2012ರಲ್ಲಿ ಕಂಡುಕೊಂಡಂತೆ, ಕಠಿಣವಾದ ಪರೀಕ್ಷೆಯೊಂದರಲ್ಲಿ ಎಡವಿದ ಬಳಿಕ ತಮ್ಮನ್ನು ಕನಿಕರದಿಂದ ಕಾಣುವಂತೆ ಪ್ರೇರಿತರಾದವರೇ ಮರುಪರೀಕ್ಷೆಗೆ ಹೆಚ್ಚು ಹೊತ್ತು ಅಭ್ಯಾಸ ಮಾಡಿದರು. ಆದುದರಿಂದ ತಪ್ಪನ್ನು ಮರೆಮಾಚಬೇಕಾಗಿಲ್ಲ. ತಪ್ಪಿಗೆ ತಪ್ಪೆಂದೇ ಹೆಸರಿಡೋಣ. ಅದನ್ನು ಮಾಡಿದವನಿಗೆ ಆ ಹೆಸರನ್ನು ಇಡದಿರೋಣ. ಮಗುವನ್ನು ತಿದ್ದುವಾಗಲೂ, ನಮ್ಮನ್ನು ನಾವು ತಿದ್ದಿಕೊಳ್ಳುವಾಗಲೂ, ಈ ಒಂದು ವಿವೇಕವು ಆತ್ಮಗೌರವವನ್ನು ಕಾಪಾಡಬಲ್ಲದು.