ಮೂರು ತಿಂಗಳ ಏಸಿಗೆ ವರ್ಷವಿಡೀ ಚಿಂತೆ

ಪ್ರಶ್ನೆ: ನಾವು ಬೆಂಗಳೂರಿನವರು. ಅಮೆರಿಕದ ಡೆನ್ವರ್ ಪಕ್ಕದ ಅರೋರಾದಲ್ಲಿ ಕಳೆದ ವರ್ಷ ಮನೆ ಕೊಂಡೆವು. ಇಡೀ ಮನೆಗೆ ಒಂದೇ ಸೆಂಟ್ರಲ್ ಏಸಿ, 2016ರದ್ದು. ಏಪ್ರಿಲ್‌ನಲ್ಲಿ ಉಚಿತ ತಪಾಸಣೆ ಎಂದು ಬಂದ ಕಂಪನಿಯವರು ಗ್ಯಾಸ್ ಕಡಿಮೆಯಾಗಿದೆ, ಕೆಪಾಸಿಟರ್ ಸೋತಿದೆ, ಈ ಗ್ಯಾಸೇ ಈಗ ನಿಷೇಧವಾಗಿದೆ ಎಂದರು. ಏಸಿಯನ್ನೇ ಬದಲಿಸಿ, ಇಲ್ಲವೇ ವರ್ಷಕ್ಕೆ 300 ಡಾಲರ್ ಕಟ್ಟಿ ಸರ್ವಿಸ್ ಒಪ್ಪಂದ ಮಾಡಿಕೊಳ್ಳಿ ಎನ್ನುತ್ತಾರೆ. ಅವತ್ತು ಹೊರಗೆ ಸ್ವೆಟರ್ ಇಲ್ಲದೆ ನಿಲ್ಲಲಾಗದ ಚಳಿ. ‘ವರ್ಷಕ್ಕೆ ಮೂರು ತಿಂಗಳು ಓಡುವ ಯಂತ್ರಕ್ಕೆ ಒಂದು ಕಾಸೂ ಹಾಕುವುದಿಲ್ಲ’ ಎನ್ನುವುದು ನಮ್ಮ ಯಜಮಾನರ ಹಟ. ಜುಲೈನಲ್ಲಿ ಅತ್ತೆ, ಮಾವ ಊರಿಂದ ಬರುತ್ತಾರೆ. ಆಗಲೇ ಕೈಕೊಟ್ಟರೆ ಏನು ಗತಿ ಎಂದು ನನಗೆ ದಿಗಿಲು. ಮನೆಯಲ್ಲಿ ದಿನವೂ ಇದೇ ಜಗಳ. ಯಾರದು ಸರಿ?

ಉತ್ತರ: ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬಂದವರು ಹೇಳಿದ ಮೂರು ಮಾತಿನಲ್ಲಿ ಒಂದನ್ನು ಆ ದಿನ ಹೇಳಲು ಬರುವಂತೆಯೇ ಇರಲಿಲ್ಲ, ಒಂದು ಅರ್ಧಸತ್ಯ, ಇನ್ನೊಂದು ನಿಜವಿದ್ದರೂ ಇರಬಹುದು.

ಮೊದಲು ಗ್ಯಾಸಿನ ವಿಚಾರ. ಅದು ಪೆಟ್ರೋಲಿನಂತೆ ಓಡಿದಷ್ಟೂ ಕರಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ದುಡ್ಡು ಸೋರಿಸುವ ಕೆಲಸ. ಬೇಸಿಗೆ ಬಂತೆಂದರೆ ‘ಗ್ಯಾಸ್ ಹಾಕಿಸಬೇಕು’ ಎನ್ನುವ ಮಾತು ಊರಲ್ಲಿ ಕೇಳಿ ಕೇಳಿ ನಮಗದು ಸಹಜವೆನಿಸಿಬಿಟ್ಟಿದೆ. ಇನ್ನು, ಹೊರಗೆ ಸುಮಾರು 18 ಡಿಗ್ರಿ ಸೆಲ್ಸಿಯಸ್ಸಾದರೂ ಇಲ್ಲದಿದ್ದರೆ ಗ್ಯಾಸಿನ ಪ್ರಮಾಣವನ್ನು ಒತ್ತಡ ನೋಡಿ ನಂಬುವಂತೆ ಅಳೆಯಲಾಗದು. ಅಂಥ ಚಳಿಯಲ್ಲಿ ಮನೆಯ ಏಸಿಯನ್ನು ಓಡಿಸುವುದು ಕಂಪ್ರೆಸರ್‌ಗೂ ಒಳ್ಳೆಯದಲ್ಲ. ಸ್ವೆಟರ್ ಹಾಕಿದ ದಿನದ ಆ ತೀರ್ಪನ್ನು ಬದಿಗಿಡಿ.

ನಿಷೇಧದ ಮಾತು ಅರ್ಧಸತ್ಯ. ಅಮೆರಿಕದಲ್ಲಿ 2020ರ ಜನವರಿ 1ರಿಂದ ತಯಾರಿಕೆ, ಆಮದು ನಿಂತಿದ್ದು ಹಳೆಯ ಆರ್‌-22 ಗ್ಯಾಸಿಗೆ. ನಿಮ್ಮದು 2016ರದ್ದಾದ್ದರಿಂದ ಬಹುಮಟ್ಟಿಗೆ ಆರ್‌-410ಎ ಇರುತ್ತದೆ. ಹೊರಗಿನ ಯೂನಿಟ್‌ನ ಫಲಕದಲ್ಲಿ ಬರೆದಿರುತ್ತದೆ, ನೋಡಿ. ಈ ಗ್ಯಾಸಿನ ಹೊಸ ಏಸಿಗಳನ್ನು 2025ರಿಂದ ತಯಾರಿಸುವಂತಿಲ್ಲ, ಅಷ್ಟೇ. ಇರುವ ಏಸಿಯನ್ನು ಬಳಸಲು, ರಿಪೇರಿ ಮಾಡಿಸಲು ಯಾವ ಅಡ್ಡಿಯೂ ಇಲ್ಲ. ಹದಿನೈದು ವರ್ಷ ದಾಟಿ ಬಾಳುವ ಯಂತ್ರವಿದು. ಕೆಟ್ಟಿಲ್ಲದ್ದನ್ನು ಹಲವು ಸಾವಿರ ಡಾಲರ್ ಸುರಿದು ಬದಲಿಸಲು ಇದು ಕಾರಣವಾಗದು.

ನಿಜವಿರಬಹುದಾದ್ದು ಕೆಪಾಸಿಟರ್ ವಿಷಯ. ಏಸಿಯಲ್ಲಿ ಬೇಗ ಸೋಲುವ ಭಾಗವೇ ಅದು. ಆದರೆ ಇದಕ್ಕೆ ಬಾಯಿಮಾತು ಬೇಡ, ಅಂಕಿ ಇದೆ. ಅದರ ಮೈಮೇಲೆ 45 ಮೈಕ್ರೋಫ್ಯಾರಡ್, ಹೆಚ್ಚುಕಡಿಮೆ ಶೇಕಡಾ 6 ಎಂದು ಬರೆದಿದ್ದರೆ, ಮೀಟರಿನಲ್ಲಿ 42.3ಕ್ಕಿಂತ ಕೆಳಗೆ ತೋರಿಸಿದಾಗ ಮಾತ್ರ ಬದಲಿಸಬೇಕು. ‘ಮೀಟರ್ ನನಗೂ ತೋರಿಸಿ’ ಎಂದು ಪಕ್ಕದಲ್ಲಿ ನಿಂತು ಕೇಳಿ. ಬಿಡಿಭಾಗದ ಬೆಲೆ ಹತ್ತಾರು ಡಾಲರ್ ಮಾತ್ರ. ಬಿಲ್ಲಿನ ಹೆಚ್ಚಿನ ಪಾಲು ಬಂದವರ ಕೂಲಿ. ಹಾಗೆಂದು ನೀವೇ ಕೈ ಹಾಕಬೇಡಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇನ್ನು ಯಜಮಾನರ ವಾದ. ಓಡುವುದು ಮೂರು ತಿಂಗಳಾದರೂ ಯಂತ್ರ ಸವೆಯುವುದು ಹನ್ನೆರಡು ತಿಂಗಳೂ. ನಿಮ್ಮಲ್ಲಿ ಚಳಿಗಾಲದಲ್ಲಿ ಮನೆ ಬಿಸಿಮಾಡುವ ಫರ್ನೇಸ್‌ಗೂ ಬೇಸಿಗೆಯ ಏಸಿಗೂ ಗಾಳಿ ದಬ್ಬುವ ಬ್ಲೋವರ್ ಒಂದೇ, ಫಿಲ್ಟರ್ ಒಂದೇ. ಚಳಿಗಾಲದ ಧೂಳು ಹಾಗೆಯೇ ಉಳಿದರೆ ಜೂನ್‌ನಲ್ಲಿ ಏಸಿಗೆ ಉಸಿರುಗಟ್ಟುತ್ತದೆ, ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಹತ್ತಿಪ್ಪತ್ತು ಡಾಲರಿನ ಫಿಲ್ಟರನ್ನು ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ. ಇದರಷ್ಟು ಫಲ ಕೊಡುವ ಖರ್ಚು ಬೇರೊಂದಿಲ್ಲ.

ಹೊರಗಿನ ಯೂನಿಟ್‌ಗೆ ಕಾಟ ಕೊಡುವುದು ಕಾಟನ್‌ವುಡ್ ಮರದ ಹತ್ತಿ. ಮೇ ಕೊನೆಯಿಂದ ಜೂನ್‌ವರೆಗೆ ಹಾರುವ ಆ ಬಿಳಿ ನವಿರು ಯೂನಿಟ್‌ನ ತೆಳು ಲೋಹದ ರೆಕ್ಕೆಗಳಿಗೆ ಕಂಬಳಿ ಹೊದಿಸಿದಂತೆ ಅಂಟಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ತೊಳೆಸಿದ್ದು ಜೂನ್‌ನಲ್ಲಿ ದಂಡವಾಗುವುದು ಹೀಗೆ. ಹತ್ತಿ ಹಾರುವುದು ನಿಂತ ಮೇಲೆ, ಗೋಡೆಯ ಪೆಟ್ಟಿಗೆಯಲ್ಲಿ ಕರೆಂಟ್ ತೆಗೆದು, ತೋಟದ ಪೈಪಿನ ಮೆಲುಧಾರೆಯಲ್ಲಿ ನೀವೇ ತೊಳೆಯಿರಿ. ಪ್ರೆಷರ್ ವಾಷರ್ ಮಾತ್ರ ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ಡೆನ್ವರ್ ಸುತ್ತ ಆಲಿಕಲ್ಲಿನ ಕಾಟವೂ ಉಂಟು. 2017ರ ಮೇ 8ರ ಮಳೆಯೊಂದೇ 200 ಕೋಟಿ ಡಾಲರಿಗೂ ಹೆಚ್ಚಿನ ವಿಮಾ ನಷ್ಟ ಮಾಡಿತ್ತು. ಈಗಲೇ ಯೂನಿಟ್‌ನ ನಾಲ್ಕೂ ಬದಿಯ ಫೋಟೊ ತೆಗೆದಿಡಿ, ಮನೆ ವಿಮೆ ಕೇಳುವಾಗ ಬೇಕಾಗುತ್ತದೆ. ಚಳಿಗಾಲದಲ್ಲಿ ಅದಕ್ಕೆ ಪೂರ್ತಿ ಹೊದಿಕೆ ಹಾಕಬೇಡಿ. ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗಳು ಬೆಚ್ಚಗೆ ಸಂಸಾರ ಹೂಡಿ ವೈರು ಕಡಿಯುತ್ತವೆ. ಮೇಲ್ಭಾಗಕ್ಕೆ ಒಂದು ಹಲಗೆ ಸಾಕು.

ನಿಮ್ಮೂರಿನ ಒಣಹವೆಯಿಂದ ಒಂದು ಲಾಭವೂ ಇದೆ. ಮಂಗಳೂರಿನಲ್ಲಿ ಏಸಿಯಿಂದ ಬಕೆಟ್‌ಗಟ್ಟಲೆ ನೀರಿಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ನಿಮ್ಮಲ್ಲಿ ನೀರಿಳಿಯುವುದು ಬಹಳ ಕಡಿಮೆ. ಬೂಷ್ಟಿನ ಹೆಸರು ಹೇಳಿ ನೂರಾರು ಡಾಲರಿನ ಯುವಿ ದೀಪ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ಆದರೆ ಫರ್ನೇಸ್‌ಗೆ ಹ್ಯುಮಿಡಿಫಯರ್ ಜೋಡಿಸಿದ್ದರೆ ಅದರ ಕೊಳವೆಯಲ್ಲಿರುವ ಸಣ್ಣ ಮುಚ್ಚಳವನ್ನು ಬೇಸಿಗೆಗೆ ಮುಚ್ಚಬೇಕು. ತೆರೆದೇ ಬಿಟ್ಟರೆ ತಣ್ಣನೆ ಗಾಳಿ ಕೋಣೆಗೆ ಬಾರದೆ ಅಲ್ಲೇ ಸುತ್ತು ಹೊಡೆಯುತ್ತದೆ. ‘ಏಸಿ ಸಾಲುತ್ತಿಲ್ಲ’ ಎನ್ನುವ ಎಷ್ಟೋ ದೂರುಗಳ ಮೂಲ ಇದೇ.

ಈಗ ನಿಮ್ಮಿಬ್ಬರಿಗೂ ಹೇಳಬೇಕಾದ ಮುಖ್ಯ ಮಾತು. ಚಳಿ ನಾಡಿನಲ್ಲಿ ದುಡ್ಡು ಮೊದಲು ಹೋಗಬೇಕಾದ್ದು ಏಸಿಗಲ್ಲ, ಫರ್ನೇಸ್‌ಗೆ. ಏಸಿ ಕೈಕೊಟ್ಟರೆ ಬೆವರುತ್ತೀರಿ. ಗ್ಯಾಸ್ ಫರ್ನೇಸ್ ಕೆಟ್ಟರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆ ತುಂಬಿ ಜೀವಕ್ಕೇ ಸಂಚಕಾರ ಬರಬಹುದು. ನಿಮ್ಮ ಕೊಲರಾಡೊ ರಾಜ್ಯದಲ್ಲಿ 2009ರ ಜುಲೈನಿಂದೀಚೆಗೆ ಮಾರಾಟವಾದ ಇಂಥ ಮನೆಗಳಲ್ಲಿ ಮಲಗುವ ಕೋಣೆಯ ಬಾಗಿಲಿಂದ 15 ಅಡಿಯೊಳಗೆ ಅದರ ಅಲಾರಂ ಇರಲೇಬೇಕೆಂಬ ಕಾನೂನಿದೆ. ಇಂದೇ ಅದರ ಗುಂಡಿ ಒತ್ತಿ ಪರೀಕ್ಷಿಸಿ. ಫರ್ನೇಸ್ ತಪಾಸಣೆ ಪ್ರತಿ ಶರತ್ಕಾಲದಲ್ಲೂ ತಪ್ಪದಿರಲಿ. ಏಸಿಗೆ ಮೇಲೆ ಹೇಳಿದ್ದನ್ನು ನೀವೇ ಮಾಡುತ್ತಿದ್ದರೆ ಎರಡು ವರ್ಷಕ್ಕೊಮ್ಮೆ ತಜ್ಞರು ಬಂದರೂ ನಡೆದೀತು. ಒಂದು ಎಚ್ಚರಿಕೆ: ವಾರಂಟಿ ಉಳಿದಿದ್ದರೆ ಅದರ ಷರತ್ತು ಓದಿ, ಕೆಲವು ವರ್ಷವರ್ಷದ ಸರ್ವಿಸ್ ರಸೀದಿ ಕೇಳುತ್ತವೆ.

ಒಪ್ಪಂದದ ಲೆಕ್ಕವೂ ಸರಳ. ಒಂದು ಭೇಟಿಗೆ ಸಾಮಾನ್ಯವಾಗಿ ನೂರರಿಂದ ಇನ್ನೂರು ಡಾಲರ್. 300 ಡಾಲರಿಗೆ ಏಸಿಗೊಂದು, ಫರ್ನೇಸ್‌ಗೊಂದು ಭೇಟಿಯಿದ್ದರೆ ಅದು ಮೋಸವಲ್ಲ, ಲಾಭವೂ ಅಲ್ಲ. ಏಸಿಗೆ ಮಾತ್ರವಾದರೆ ಬೇಡ.

ಅತ್ತೆ, ಮಾವನ ಬಗ್ಗೆ ಅಷ್ಟು ಗಾಬರಿ ಬೇಡ. ಡೆನ್ವರ್‌ನಲ್ಲಿ ಜುಲೈ ಮಧ್ಯಾಹ್ನ ಸಾಮಾನ್ಯವಾಗಿ 32 ಡಿಗ್ರಿಯಾದರೆ ರಾತ್ರಿ 16ರ ಹತ್ತಿರಕ್ಕೆ ಇಳಿಯುತ್ತದೆ. ಸಂಜೆ ಕಿಟಕಿ ತೆರೆದು, ಬೆಳಿಗ್ಗೆ ಮುಚ್ಚಿ ಪರದೆ ಎಳೆದರೆ ಅರ್ಧ ದಿನ ಏಸಿಯೇ ಬೇಡ. ಕಾಡ್ಗಿಚ್ಚಿನ ಹೊಗೆ ಕವಿದ ದಿನಗಳಲ್ಲಿ ಮಾತ್ರ ಕಿಟಕಿ ಮುಚ್ಚಿ ಫ್ಯಾನ್ ಓಡಿಸಿ.

ಮುಂದಿನ ಹೆಜ್ಜೆ ಇಷ್ಟು. ಮೇ ತಿಂಗಳ ಬೆಚ್ಚನೆಯ ದಿನವೊಂದರಲ್ಲಿ ಬೇರೆ ಕಂಪನಿಯ ತಂತ್ರಜ್ಞರನ್ನು ದುಡ್ಡು ಕೊಟ್ಟೇ ಕರೆಸಿ. ಉಚಿತವಾಗಿ ಬಂದವರು ಮಾರಿಯೇ ಸಂಬಳ ದುಡಿಯಬೇಕು. ಗ್ಯಾಸ್ ಮುಟ್ಟುವವರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೆಕ್ಷನ್ 608ರ ಪ್ರಮಾಣಪತ್ರ ಇದೆಯೇ ಕೇಳಿ. ಮೊದಲ ಕಂಪನಿ ಏನು ಹೇಳಿತೆಂದು ಮುಂಚೆಯೇ ಬಾಯಿಬಿಡಬೇಡಿ. ಎರಡನೆಯವರೂ ಕೆಪಾಸಿಟರ್ ಸೋತಿದೆ ಎಂದು ಅಂಕಿ ತೋರಿಸಿದರೆ ಅಂದೇ ಹಾಕಿಸಿ, ಅದಕ್ಕೆ ಯಜಮಾನರು ಒಪ್ಪಲಿ. ಗ್ಯಾಸ್ ಸರಿಯಿದೆ ಎಂದರೆ ಹೊಸ ಏಸಿಯ ಮಾತನ್ನು ನೀವು ಬಿಡಿ.